ತಮ್ಮ ಗೇಟಿನ ಬ್ಯಾನರಿನಲ್ಲಿ ಅಳುತ್ತಿರುವವನು ವಿದ್ಯಾರ್ಥಿಯಲ್ಲ

ಮಾನ್ಯ ಕುಲಸಚಿವರೇ,

ತಮ್ಮ ವಿಶ್ವವಿದ್ಯಾಲಯದ ಮುಖ್ಯದ್ವಾರದಲ್ಲಿ ಕಟ್ಟಿಸಿರುವ ಬ್ಯಾನರಿನಲ್ಲಿ ಹಣೆಯ ಮೇಲೆ ಕೈ ಇಟ್ಟುಕೊಂಡು ಅಳುತ್ತಿರುವ, ನರೆತ ಮೀಸೆಯ ವ್ಯಕ್ತಿ ನಾನು. ನಾನು ತಮ್ಮ ವಿದ್ಯಾರ್ಥಿಯಲ್ಲ, ಎಂದೂ ಆಗಿರಲಿಲ್ಲ. ನನಗೆ ಐವತ್ತೇಳು ವರ್ಷ. ನನ್ನ ಅಳು ಇನ್ನೂ ನಿಂತಿಲ್ಲವೆಂಬ ಕಾರಣ ಕೊಟ್ಟು ತಾವು ಆಪ್ತಸಮಾಲೋಚನಾ ಕೇಂದ್ರದ ಶಶಿರೇಖಾ ಮೇಡಂ ಅವರನ್ನು ಅಲ್ಲಿಂದ ಎಬ್ಬಿಸಿ, ಪರೀಕ್ಷಾ ವಿಭಾಗದ ಮರುಮೌಲ್ಯಮಾಪನ ಕೌಂಟರಿನಲ್ಲಿ ಕೂರಿಸಿದ್ದೀರಿ. ಅವರನ್ನು ಅವರ ಜಾಗಕ್ಕೆ ವಾಪಸು ಕಳಿಸಿ ಎಂದು ಕೇಳುವುದಕ್ಕೇ ಈ ಪತ್ರ. ಇದನ್ನು ಬಾಯಿಮಾತಿನಲ್ಲಿ ಹೇಳಲು ತಮ್ಮ ಕಚೇರಿಗೆ ಹಲವು ಸಲ ಬಂದೆ. ಬಂದಾಗಲೆಲ್ಲ ತಮ್ಮ ಸಿಬ್ಬಂದಿ ನನ್ನ ರಿಜಿಸ್ಟರ್ ನಂಬರ್ ಕೇಳಿದರು. ಹಾಗಾಗಿ ಊರೆಲ್ಲ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಜಕ್ಕೂರಿನ ಹಳೇ ಊರಿನವನು. ನಾವು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟಿನವರು ಈಜುಕೊಳ ಕಟ್ಟಿಕೊಂಡಿದ್ದಾರೆ. ಪಂಚಾಯಿತಿ ಇದ್ದ ಕಾಲದಲ್ಲಿ ಸದಸ್ಯನಾಗಿದ್ದೆ, ಆದ್ದರಿಂದ ಸರ್ಕಾರಿ ಕನ್ನಡದಲ್ಲಿ ಅರ್ಜಿ ಬರೆದು ಪಳಗಿದ ಕೈ ಇದು. ನನ್ನ ಒಬ್ಬಳೇ ಮಗಳು ತಮ್ಮಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಹೋದ ವರ್ಷ ಅವಳ ತಾಯಿ ವೆಂಕಟಲಕ್ಷ್ಮಮ್ಮ ತೀರಿಕೊಂಡಳು. ಆಮೇಲೆ ಮಗಳು ಮಾತು ಬಿಟ್ಟಳು. ಬೆಳಿಗ್ಗೆ ಬ್ಯಾಗು ಹಾಕಿಕೊಂಡು ಹೊರಡುವಳು, ಕ್ಲಾಸಿಗೆ ಹೋಗದೆ ಅಲ್ಲಾಳಸಂದ್ರ ಕೆರೆಯ ಹತ್ತಿರ ಕೂತು ಸಂಜೆ ಮನೆಗೆ ಬರುವಳು. ನೆಂಟರೆಲ್ಲ ತಲೆಗೊಂದು ಮದ್ದು ಹೇಳಿದರು. ನನ್ನ ಬಾಮೈದ ನಾಗೇಶನಂತೂ, "ಸುಮ್ಕೆ ಒಂದ್ ಗಂಡು ನೋಡಿ ಮದ್ವೆ ಮಾಡ್ಬುಡಿ ಬಾವ, ಎಲ್ಲಾ ಸರೋಯ್ತದೆ" ಎಂದ. ಅವನ ಮದುವೆಯಾದ ಮೇಲೆ ಅವನಿಗೇ ಏನು ಸರಿಹೋಯಿತೋ ನನಗಂತೂ ಕಾಣದು. ಕೊನೆಗೆ ಅವಳ ಗೆಳತಿಯೊಬ್ಬಳು ಅವಳ ಕೈ ಹಿಡಿದು ತಮ್ಮ ಆಪ್ತಸಮಾಲೋಚನಾ ಕೇಂದ್ರಕ್ಕೆ ಕರೆದೊಯ್ದಳು.

ಆ ಕೇಂದ್ರ ಎಲ್ಲಿದೆ ಎಂಬುದು ತಮಗೆ ಗೊತ್ತಿರಲಿಕ್ಕಿಲ್ಲ. ಜೆರಾಕ್ಸ್ ಅಂಗಡಿಯ ಹಿಂದೆ, ಜನರೇಟರಿನ ಪಕ್ಕದ ರೂಮು. ಅಲ್ಲಿದ್ದವರು ಮೂವರು. ಶಶಿರೇಖಾ ಮೇಡಂ, ಅವರಿಗಿಂತ ಚಿಕ್ಕವರಾದ ಸಮಾಲೋಚಕಿ ಮುಸರ್ರತ್, ಮತ್ತು ಕಚೇರಿ ಕೆಲಸ ನೋಡಿಕೊಳ್ಳುವ ಯೋಗಾನಂದ. ಪ್ರತಿ ಗುರುವಾರ ಮಗಳನ್ನು ಸ್ಕೂಟರಿನಲ್ಲಿ ಕರೆತಂದು ನಾನು ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದೆ. ಒಳಗೆ ಏನು ನಡೆಯುತ್ತದೆಂದು ಒಂದು ದಿನವೂ ಕೇಳಲಿಲ್ಲ. ಕೆಲವು ವಾರ ಕಳೆದ ಮೇಲೆ ಹೀಗೆ ವಾಪಸು ಹೋಗುವಾಗ ಸಹಕಾರನಗರದ ಹತ್ತಿರ ಹಿಂದಿನ ಸೀಟಿನಿಂದ, "ಅಪ್ಪಾ, ಹಸಿವಾಗ್ತಿದೆ, ಎಲ್ಲಾದ್ರೂ ನಿಲ್ಸು" ಎಂದಳು. ಆ ಮಾತು ಕೇಳಿ ಎಷ್ಟು ತಿಂಗಳಾಗಿತ್ತು! ಗಾಡಿ ನಿಲ್ಲಿಸಿದ್ದು ಯಾವ ಹೋಟೆಲಿನ ಮುಂದೆ ಎಂದು ಕೂಡ ನಾನು ನೋಡಲಿಲ್ಲ. ಅವಳು ಮಸಾಲೆ ದೋಸೆ ತಿಂದು ಇನ್ನೊಂದು ಕೇಳಿದಳು.

ಇಷ್ಟರಲ್ಲಿ ತಮ್ಮ ಸುತ್ತೋಲೆ ಬಂತು. ಮಾನ್ಯತೆ ಕೊಡುವ ಪರಿಶೀಲನಾ ತಂಡ ಬರಲಿದೆ, ಆದ್ದರಿಂದ ನಡೆಯುವ ಪ್ರತಿಯೊಂದು ಸಮಾಲೋಚನೆಗೂ ಸಾಕ್ಷಿಯಾಗಿ ಫೋಟೋ ಬೇಕು, ಫೋಟೋದ ಕೆಳಗೆ ಸ್ಥಳ ಮತ್ತು ಸಮಯ ಮೊಬೈಲಿನಿಂದಲೇ ಅಚ್ಚಾಗಿರಬೇಕು, ಫಲಾನುಭವಿಯ ಮುಖ ಸ್ಪಷ್ಟವಾಗಿ ಕಾಣಬೇಕು. ಗಿಡ ನೆಟ್ಟರೆ ಫೋಟೋ, ರಕ್ತ ಕೊಟ್ಟರೆ ಫೋಟೋ, ಇನ್ನು ಅತ್ತರೆ ಬೇಡವೇ? ಇಲ್ಲಿ ಹೇಳಿದ್ದು ಹೊರಗೆ ಹೋಗುವುದಿಲ್ಲವೆಂಬ ನಂಬಿಕೆಯ ಮೇಲೆ ಮಕ್ಕಳು ಬರುತ್ತಾರೆ, ಫೋಟೋ ಸಾಧ್ಯವಿಲ್ಲ ಎಂದು ಶಶಿರೇಖಾ ಮೇಡಂ ಉತ್ತರ ಬರೆದರು. ಅದಕ್ಕೆ ತಮ್ಮ ಕಚೇರಿ ಕೊಟ್ಟ ಮಾರುತ್ತರ ಚಿನ್ನದ ತಗಡಿನಲ್ಲಿ ಕೊರೆಸಿಡುವಂಥದ್ದು. ಹೇಳಿದ್ದನ್ನು ಗುಟ್ಟಾಗಿ ಇಟ್ಟುಕೊಳ್ಳಲು ಅಭ್ಯಂತರವಿಲ್ಲ, ಹೇಳಿದವರ ಮುಖ ಮಾತ್ರ ಕಳಿಸಿ!

ಮಕ್ಕಳ ಮುಖ ಕೊಡುವ ಬದಲು ಮೊದಲು ಯೋಗಾನಂದನೇ ಕುರ್ಚಿಯಲ್ಲಿ ಕೂತು ದುಃಖಿಸಿದ, ಮುಸರ್ರತ್ ಫೋಟೋ ತೆಗೆದರು. ಅವನ ಕೊರಳಲ್ಲಿದ್ದ ಸಿಬ್ಬಂದಿ ಗುರುತಿನ ಚೀಟಿ ಕಾಣುತ್ತದೆಂದು ಅದು ವಾಪಸು ಬಂತು. ಅಂದು ಗುರುವಾರ. ಹೊರಗೆ ಬೆಂಚಿನ ಮೇಲೆ ನಾನಿದ್ದೆ. ಮಗಳು ತನ್ನ ಮಾತು ಮುಗಿಸಿ ಲೈಬ್ರರಿಗೆ ಹೋಗಿದ್ದಳು.

"ಯಜಮಾನ್ರೇ, ಬೇಜಾರಾಗ್ದಿದ್ರೆ ಒಂದೈದು ನಿಮಿಷ ಒಳಗ್ ಬಂದು ಕೂತ್ಕೋತೀರಾ?" ಎಂದ ಯೋಗಾನಂದ.

ಶಶಿರೇಖಾ ಮೇಡಂ ಎದುರಿಗೆ ಕೂತೆ. ನನ್ನ ಮಗಳ ಮುಖ ಕೊಡುವುದಕ್ಕಿಂತ ನನ್ನದು ಹೋದರೆ ಏನಾಯಿತು? ಅವನು ಮೊಬೈಲು ಹಿಡಿದು ಮುಖ ಸಿಂಡರಿಸಿದ. "ಸ್ವಲ್ಪ ತಲೆ ಬಗ್ಸಿ ಯಜಮಾನ್ರೇ. ಸೈಟು ರಿಜಿಸ್ಟರ್ ಮಾಡ್ಸೋಕ್ ಬಂದಂಗ್ ಕಾಣ್ತಿದೀರ. ಕೈ ಹಣೆ ಮೇಲಿಡಿ. ಮೀಸೆ ತಿರುವ್ಬೇಡಿ."

ಫೋಟೋ ಬಂತು, ಆದರೆ ಅದರ ಕೆಳಗೆ ಸ್ಥಳ ತಪ್ಪಿತ್ತು. ಮೊಬೈಲಿನ ಪ್ರಕಾರ ನಾವು ಮೂವರೂ ಅಲ್ಲಾಳಸಂದ್ರ ಕೆರೆಯ ನಟ್ಟನಡುವೆ ಇದ್ದೆವು. ತಾವು ತಕ್ಷಣ ನೋಟಿಸ್ ಕಳಿಸಿದಿರಿ. ಯಾವ ಅನುಮತಿಯ ಮೇಲೆ ಸಮಾಲೋಚನೆಯನ್ನು ಕ್ಯಾಂಪಸ್ಸಿನ ಹೊರಗೆ, ಜಲಮೂಲದೊಳಗೆ ನಡೆಸಲಾಯಿತು? ವಿದ್ಯಾರ್ಥಿಗೆ ಈಜು ಬರುತ್ತದೆಯೇ? ನನಗೆ ಬರುತ್ತದೆ ಸ್ವಾಮಿ, ಜಕ್ಕೂರು ಕೆರೆಯಲ್ಲಿ ಕಲಿತದ್ದು. ಆದರೆ ಆ ರೂಮಿನಲ್ಲಿ ಅದರ ಅಗತ್ಯ ಬೀಳಲಿಲ್ಲ. ಮತ್ತೆ ತೆಗೆದರು, ಮತ್ತೆ ಕೆರೆ. ಕಿಟಕಿಯ ಪಕ್ಕ ಕೂರಿಸಿದರೆ ಕೆರೆಯ ಏರಿಯವರೆಗೆ ಬಂದೆ, ಬಾಗಿಲ ಬಳಿ ಕೂರಿಸಿದರೆ ಕ್ಯಾಂಪಸ್ಸಿಗೆ ಕಾಲಿಟ್ಟೆ. ಹೀಗೆ ಗುರುವಾರ ಗುರುವಾರ ನಾನು ತಮ್ಮ ವಿಶ್ವವಿದ್ಯಾಲಯಕ್ಕಾಗಿ ದುಃಖಿಸತೊಡಗಿದೆ.

ಹೀಗೇ ಒಂದು ಸಲ ಯೋಗಾನಂದ, "ಬಾಯಿ ಅಲ್ಲಾಡ್ಬೇಕು, ಏನಾದ್ರೂ ಮಾತಾಡ್ತಾ ಇರಿ" ಎಂದ. ನಾನು ಬಾಡಿಗೆದಾರರ ನೀರಿನ ಮೋಟರು ಸುಟ್ಟುಹೋದದ್ದು, ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿ ಕೆಟ್ಟು ನಿಂತದ್ದು ಇಂಥವನ್ನೇ ಹೇಳುತ್ತಿದ್ದೆ. ಎದುರಿಗಿದ್ದ ಶಶಿರೇಖಾ ಮೇಡಂ ಸುಮ್ಮನೆ ಕೇಳಿದರು, "ಈಗ ಮನೇಲಿ ಅಡುಗೆ ಯಾರು ಮಾಡ್ತಾರೆ?"

"ನಾನೇ ಕಣಮ್ಮ. ಸಾರಿಗೆ ಉಪ್ಪು ಎಷ್ಟಾಕ್ಬೇಕು ಅಂತ ಅವ್ಳನ್ನ ಒಂದಿನಾನೂ ಕೇಳ್ಲಿಲ್ಲ. ಈಗ ಇಂಗೆ ಕೈಯಾಗೆ ಉಪ್ಪಿಡ್ಕೊಂಡು ನಿಂತ್ಬುಡ್ತೀನಿ," ಎಂದೆ. ಅಷ್ಟೇ. ಆಮೇಲೆ ನನಗೆ ತಡೆಯಲಾಗಲಿಲ್ಲ. ಹೆಣ ಎತ್ತಿದ ದಿನವೂ ಅಷ್ಟು ಅತ್ತಿರಲಿಲ್ಲ. ಯೋಗಾನಂದ ಮೊಬೈಲು ಕೆಳಗಿಟ್ಟು ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ಆದರೆ ಅದಕ್ಕಿಂತ ಒಂದು ಕ್ಷಣ ಮುಂಚೆ ತೆಗೆದ ಫೋಟೋ ತನ್ನಷ್ಟಕ್ಕೇ ತಮ್ಮ ಕಚೇರಿಯ ಕಂಪ್ಯೂಟರಿಗೆ ಹೋಗಿಬಿಟ್ಟಿತ್ತು. ಅದೇ ಈಗ ಗೇಟಿನಲ್ಲಿರುವುದು, "ನಿಮ್ಮ ಮನಸ್ಸು, ನಮ್ಮ ಹೊಣೆ" ಎಂಬ ಬರಹದೊಂದಿಗೆ. ಯಲಹಂಕದ ಕಡೆ ಹೋಗುವ ಬಸ್ಸಿನವರೆಲ್ಲ ನೋಡಿದ್ದಾರೆ. ನಾಗೇಶ ಫೋನು ಮಾಡಿ, "ಬಾವ, ನೀವ್ ಯಾವಾಗ ಕಾಲೇಜ್ ಸೇರುದ್ರಿ? ಅಲ್ಲಿ ಪಾಠ ಅಷ್ಟೊಂದ್ ಕಷ್ಟವಾ?" ಎಂದು ವಿಚಾರಿಸಿದ.

ಪರಿಶೀಲನಾ ತಂಡ ಬಂತು. ಒಬ್ಬ ಸದಸ್ಯರಿಗೆ ಫೋಟೋಗಳಲ್ಲೆಲ್ಲ ಒಬ್ಬನೇ ಇರುವುದು ಕಣ್ಣಿಗೆ ಬಿತ್ತು. ಈಗಲಾದರೂ ಸತ್ಯ ಹೊರಬರುತ್ತದೆಂದು ತಾವು ಭಾವಿಸಬೇಡಿ, ತಮ್ಮ ಸಂಸ್ಥೆಯನ್ನು ತಾವೇ ಕೀಳಾಗಿ ಕಂಡಂತಾಗುತ್ತದೆ. ಒಬ್ಬ ವಿದ್ಯಾರ್ಥಿಗೆ ಇಷ್ಟು ದೀರ್ಘಕಾಲ ಸಮಾಲೋಚನೆ ನೀಡಿದರೂ ಆತ ಗುಣಮುಖನಾಗಿಲ್ಲ, ಫೋಟೋಗಳ ಪ್ರಕಾರ ಆತನ ಅಳು ಹೆಚ್ಚಾಗಿದೆ, ವಯಸ್ಸೂ ಏರಿದಂತೆ ತೋರುತ್ತದೆ ಎಂದು ತಂಡ ಷರಾ ಬರೆಯಿತು. ಉಳಿದ ವಿದ್ಯಾರ್ಥಿಗಳು ಎಲ್ಲಿ ಎಂದು ತಾವು ಶಶಿರೇಖಾ ಮೇಡಂ ಅವರನ್ನು ಕೇಳಿದಿರಿ. ಬರುವ ಮಕ್ಕಳು ಬಹಳ ಮಂದಿ ಇದ್ದಾರೆ, ಯಾರೆಂದು ಮಾತ್ರ ಹೇಳಲಾರೆ ಎಂದರು ಅವರು. ಹೆಸರು ಕೊಟ್ಟಿದ್ದರೆ ಅವರ ಕುರ್ಚಿ ಉಳಿಯುತ್ತಿತ್ತು. ನನ್ನ ಮಗಳ ಹೆಸರೂ ಅದರಲ್ಲಿತ್ತು ಕುಲಸಚಿವರೇ. ಅವರು ಅದನ್ನು ತಮಗೆ ಕೊಡಲಿಲ್ಲ. ಇಂಥವರನ್ನು ಕೆಲಸಕ್ಕೆ ಬಾರದವರೆಂದು ಎತ್ತಂಗಡಿ ಮಾಡಿದ ತಾವು, ಕೆಲಸಕ್ಕೆ ಬರುವವರು ಹೇಗಿರುತ್ತಾರೆಂದು ಒಂದು ಫೋಟೋ ಕಳಿಸಿಕೊಟ್ಟರೆ ನಾವೂ ನೋಡಿಕೊಳ್ಳುತ್ತೇವೆ.

ಮೇಡಂ ಮರುಮೌಲ್ಯಮಾಪನ ಕೌಂಟರಿಗೆ ಹೋದರು, ಮುಸರ್ರತ್ ಅವರನ್ನು ಹಾಸ್ಟೆಲ್ ಮೆಸ್ಸಿನ ತರಕಾರಿ ಉಸ್ತುವಾರಿಗೆ ಹಾಕಿದಿರಿ, ಯೋಗಾನಂದ ಗೇಟಿನಲ್ಲಿ ಬ್ಯಾನರು ಗಾಳಿಗೆ ಹರಿಯದಂತೆ ಕಾಯುತ್ತಾನೆ. ಆ ರೂಮಿನ ಬಾಗಿಲು ಕಿತ್ತು, ಹೃದಯಾಕಾರದ ಚೌಕಟ್ಟು ನಿಲ್ಲಿಸಿ, "ನಾನು ಸಂತೋಷವಾಗಿದ್ದೇನೆ" ಎಂದು ಬರೆಸಿ ಸೆಲ್ಫಿ ಪಾಯಿಂಟ್ ಮಾಡಿದ್ದೀರಿ. ನಾನು ವಿದ್ಯಾರ್ಥಿಯೇ ಅಲ್ಲ ಎಂದು ಹೇಳಲು ಬಂದಾಗ ತಮ್ಮ ಗುಮಾಸ್ತರು, "ರಿಜಿಸ್ಟರ್ ನಂಬರ್ ಎಲ್ರಿಗೂ ಇರುತ್ತೆ ಕಣ್ರೀ, ನೀವು ಮರ್ತಿದೀರ ಅಷ್ಟೆ" ಎಂದು ಅನುಕಂಪದಿಂದ ಹೊಸದೊಂದನ್ನು ಕೊಟ್ಟರು. ಅದಾದ ಮೇಲೆ ಮನೆಗೆ ಪತ್ರ ಬಂತು. ಬಿ.ಕಾಂ. ಎರಡನೇ ಸೆಮಿಸ್ಟರಿನಲ್ಲಿ ನನ್ನ ಹಾಜರಾತಿ ಕಡಿಮೆಯಿದೆಯಂತೆ, ತಂದೆಯನ್ನು ಕರೆತರಬೇಕಂತೆ. ನಮ್ಮಪ್ಪ ಜಕ್ಕೂರಿನ ಸ್ಮಶಾನದಲ್ಲಿದ್ದಾರೆ. ಬದುಕಿದ್ದಾಗಲೇ ನನ್ನ ಶಾಲೆಯ ಕಡೆ ತಲೆ ಹಾಕದವರು, ಈಗ ಬರುತ್ತಾರೆಯೇ?

ಆದರೆ ತಮಗೆ ಒಂದು ಸಂತೋಷದ ಸುದ್ದಿಯೂ ಇದೆ. ತಮ್ಮ ವಿಶ್ವವಿದ್ಯಾಲಯದಲ್ಲಿ ಮರುಮೌಲ್ಯಮಾಪನಕ್ಕೆ ಎಂದೂ ಕಾಣದ ನೂಕುನುಗ್ಗಲು. ಫೇಲಾದವರು, ಪಾಸಾದವರು, ರ‍್ಯಾಂಕು ಬಂದವರು ಎಲ್ಲರೂ ಅರ್ಜಿ ಹಿಡಿದು ಸಾಲಿನಲ್ಲಿದ್ದಾರೆ. ವಿದ್ಯಾರ್ಥಿಗಳಲ್ಲಿ ಹೆಚ್ಚಿದ ಶೈಕ್ಷಣಿಕ ಜಾಗೃತಿ ಎಂದು ತಾವು ಪತ್ರಿಕಾ ಪ್ರಕಟಣೆ ಕೊಟ್ಟದ್ದನ್ನೂ ಓದಿದೆ. ಒಂದು ದಿನ ಬಂದು ಆ ಸಾಲನ್ನು ನೋಡಿ. ಕೌಂಟರಿನ ಗಾಜಿನಲ್ಲಿ ಅರ್ಜಿ ತೂರಿಸಲು ಅರ್ಧಚಂದ್ರದಂಥ ಕಿಂಡಿ ಇದೆಯಲ್ಲ, ಒಬ್ಬರು ಬಗ್ಗಿ ಅಲ್ಲಿ ಬಾಯಿಟ್ಟು ಮಾತಾಡುತ್ತಿರುತ್ತಾರೆ. ಹಿಂದಿನವರೆಲ್ಲ ಜಾಗ ಬಿಟ್ಟು, ಕೌಂಟರಿಗೆ ಬೆನ್ನು ಮಾಡಿ, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ನಿಂತಿರುತ್ತಾರೆ. ಯಾರೂ ಅವರಿಗೆ ಹೇಳಿಕೊಟ್ಟದ್ದಲ್ಲ. ತಮ್ಮ ಸೆಕ್ಯೂರಿಟಿಯವರು ಬಂದು, "ಏಯ್, ಲೈನು ಈ ಕಡೆಗ್ ಕಣ್ರೋ, ತಿರುಗ್ರೋ" ಎಂದು ಗದರುತ್ತಾರೆ. ಮಕ್ಕಳು ತಿರುಗುತ್ತಾರೆ, ಅವರು ಅತ್ತ ಹೋದೊಡನೆ ಮತ್ತೆ ಬೆನ್ನು ಮಾಡುತ್ತಾರೆ. ಆ ಮಕ್ಕಳಿಗಿರುವ ಮರ್ಯಾದೆ ತಮ್ಮ ಸುತ್ತೋಲೆಗಳಿಗೆ ಯಾಕಿಲ್ಲ?

ನನ್ನ ಮಗಳೂ ಆ ಸಾಲಿಗೆ ಹೋದಳು. ಚೆನ್ನಾಗಿ ಅಂಕ ಬಂದ ಪೇಪರಿಗೇ ಅರ್ಜಿ ಹಾಕಿಕೊಂಡು ನಿಂತಳು. ಇಲ್ಲಿ ಕೂರಲು ಬೆಂಚು ಇಲ್ಲವಾದ್ದರಿಂದ ಕೌಂಟರಿನ ಪಕ್ಕದ ಕಂಬಕ್ಕೆ ಒರಗಿ ನಿಂತಿದ್ದೆ. ನನ್ನ ಹತ್ತಿರ ಇಯರ್‌ಫೋನಿಲ್ಲ. ಅವಳು ಬಗ್ಗಿ ಏನೋ ಹೇಳಿದಳು, ಗಾಜಿನಾಚೆ ಮೇಡಂಗೆ ಕೇಳಿಸಲಿಲ್ಲ. ಮತ್ತೆ ಹೇಳಿದಳು, ಅಷ್ಟರಲ್ಲಿ ಕರೆಂಟು ಹೋಗಿ ಅಲ್ಲಿನ ಜನರೇಟರು ಶುರುವಾಯಿತು. ಮೂರನೇ ಸಲ ಅವಳು ಕೂಗಿಯೇ ಹೇಳಬೇಕಾಯಿತು.

"ಮೇಡಂ, ನಂಗೆ ಅಮ್ಮನ್ ವಾಯ್ಸ್ ಮರ್ತೋಗ್ತಿದೆ. ಅಪ್ಪಂಗ್ ಹೇಳೋಕಾಗಲ್ಲ, ಅವ್ರು ತಡ್ಕೊಳಲ್ಲ."

ನನಗೆ ಕೇಳಿಸಿತು. ಅವಳು ತಿರುಗಿ ನೋಡಿದಳು, ನನಗೆ ಕೇಳಿಸಿದೆಯೆಂದು ಅವಳಿಗೂ ಗೊತ್ತಾಯಿತು. ಅರ್ಜಿಯನ್ನು ಅಲ್ಲೇ ಬಿಟ್ಟು ಬಂದು ಸ್ಕೂಟರ್ ಹತ್ತಿದಳು. ಮುಂದಿನ ಗುರುವಾರ ನಾನು ಗಾಡಿ ಹೊರಗೆ ತೆಗೆದೆ, ಅವಳು ಬರುವುದಿಲ್ಲವೆಂದಳು. ಈ ಗುರುವಾರವೂ ಬರಲಿಲ್ಲ.

ನನ್ನ ಬೇಡಿಕೆ ಇಷ್ಟು. ಬ್ಯಾನರ್ ತೆಗೆಯಿರಿ ಎಂದು ನಾನು ಕೇಳುವುದಿಲ್ಲ. ಬೇಕಾದರೆ ಇನ್ನೂ ದೊಡ್ಡದು ಮಾಡಿಸಿ, ಏರ್‌ಪೋರ್ಟ್ ರಸ್ತೆಯ ಉದ್ದಕ್ಕೂ ಕಟ್ಟಿಸಿ. ಹೊಸ ಫೋಟೋ ಬೇಕೆಂದರೆ ಹೇಳಿ ಕಳಿಸಿ, ಮೀಸೆ ಬೋಳಿಸಿಕೊಂಡು ಬಂದು ಬೇರೆ ವಿದ್ಯಾರ್ಥಿಯಾಗಿಯೂ ಅಳುತ್ತೇನೆ. ನನ್ನ ಮುಖ ತಮ್ಮದು. ಅದಕ್ಕೆ ಬದಲಾಗಿ ಶಶಿರೇಖಾ ಮೇಡಂ ಅವರನ್ನು ಒಂದು ರೂಮಿನಲ್ಲಿ ಕೂರಿಸಿ, ಎದುರಿಗೆ ಒಂದು ಕುರ್ಚಿ ಹಾಕಿಸಿ, ಆ ರೂಮಿಗೆ ಒಂದು ಬಾಗಿಲು ಇಡಿಸಿಕೊಡಿ. ಸಾಧಾರಣ ಮರದ ಬಾಗಿಲು ಸಾಕು, ಆದರೆ ದಪ್ಪನೆಯದಿರಲಿ. ಹೊರಗೆ ಕಾಯುವ ಅಪ್ಪನಿಗೆ ಒಂದಕ್ಷರವೂ ಕೇಳಿಸಬಾರದು.

ಇಂತಿ,
ಮಗಳ ಮಾತು ಕಿವಿಗೆ ಬಿದ್ದು ಮಗಳಿಗೆ ಮುಖ ತೋರಿಸಲಾಗದ
ಚಿಕ್ಕಬೈರಪ್ಪ, ಜಕ್ಕೂರು