ಕುರ್ಚಿಯಿಂದ ಹನ್ನೆರಡು ಸಲ

ಜೂನ್ 3, ಬೆಳಿಗ್ಗೆ 6.10

ಎಂಟು ಸಲ. ಅರ್ಧ ನಿಮಿಷದಲ್ಲಿ, ಕೈಯೂರದೆ, ಕುರ್ಚಿಯಿಂದ ಎದ್ದು ಕೂರುವುದು. ಫಿಸಿಯೋಥೆರಪಿಯವಳು ಹತ್ತು ಎಂದಳು. ಬೆನ್ನು ಪೂರ್ತಿ ನೆಟ್ಟಗಾಗದ ಎರಡನ್ನು ನಾನೇ ಹೊಡೆದುಹಾಕಿದೆ. "ಸರ್, ನಿಮ್ಮನ್ನ ನೀವೇ ಫೇಲ್ ಮಾಡ್ಕೊಳ್ತೀರಲ್ಲ!" ಎಂದು ನಕ್ಕಳು. ಹನ್ನೆರಡಾದರೆ ಹೆಂಡತಿಯನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ಎತ್ತಿ ಕೂರಿಸಲು ನನಗೆ ಅನುಮತಿ.

ಪಾರ್ಶ್ವವಾಯುವಾದಂದಿನಿಂದ ಇವಳ ಎಡಭಾಗ ಸ್ವಾಧೀನದಲ್ಲಿಲ್ಲ. ಸದ್ಯ ಮಗಳೇ ಎರಡು ಹೊತ್ತೂ ಬಂದು ಎತ್ತುತ್ತಾಳೆ; ಅವಳ ಸೊಂಟವೂ ಸೋತಿದೆ. ಜುಲೈ ಮುಗಿಯುವುದರೊಳಗೆ ನಾನು ಸಮರ್ಥನಾಗದಿದ್ದರೆ ಆರೈಕೆ ಕೇಂದ್ರ — ಮಗಳ ಷರತ್ತು.

ಔಷಧದಂಗಡಿಯ ಹಳೆಯ ಶಿಷ್ಯ ಬೇರಿನ ಪುಡಿಯ ಡಬ್ಬಿ ಕೊಟ್ಟಿದ್ದಾನೆ. "ಬರೀ ಗಿಡಮೂಲಿಕೆ ಸರ್. ವ್ಯಾಯಾಮದ ಜೊತೆ ತಗೊಳ್ಳಿ, ಮಾಂಸಖಂಡ ಗಟ್ಟಿಯಾಗುತ್ತೆ. ಕುದುರೆ ಆಗ್ಬಿಡ್ತೀರ." ಶಾಲೆಯಲ್ಲಿ ಇವನ ಮಾತನ್ನು ಒಮ್ಮೆಯೂ ನಂಬಿದವನಲ್ಲ. ಆದರೂ ವ್ಯಾಯಾಮದ ಜೊತೆಗೇ ಇಂದು ಶುರು.

ಜೂನ್ 20

ಹತ್ತು. ತೊಡೆನೋವು ಕಡಿಮೆ. ಪುಡಿಗೆ ಮಣ್ಣಿನ ವಾಸನೆ.

"ಮೇಷ್ಟ್ರಿಗೆ ಈ ವಯಸ್ಸಲ್ಲಿ ಪೈಲ್ವಾನ್ ಆಗೋ ಹುಚ್ಚು" ಎಂದಳು ಇವಳು, ಓರೆಯಾದ ಬಾಯಲ್ಲೇ ನಕ್ಕು. "ಬೀಳಿಸಿದ್ರೆ ಮಾರ್ಕ್ಸ್ ಕಟ್!"

ಜುಲೈ 4

ಹನ್ನೊಂದು. ಆದರೆ ಯಾರ ಗಳಿಕೆ — ಪುಡಿಯದೋ, ವ್ಯಾಯಾಮದ್ದೋ? ಎರಡನ್ನೂ ಒಟ್ಟಿಗೇ ಆರಂಭಿಸಿದ್ದು ನನ್ನ ತಪ್ಪು. ಉತ್ತರಪತ್ರಿಕೆ ಯಾರದೆಂದು ತಿಳಿಯದೆ ಅಂಕ ಕೊಡಲಾಗದು. ಎರಡು ವಾರ ಪುಡಿ ಬಂದ್. ಯಾರಿಗೂ ಹೇಳಕೂಡದು.

ಜುಲೈ 11

ಒಂಬತ್ತು.

ಜುಲೈ 15

ಎಂಟು. ಹೊಡೆದುಹಾಕಿದ್ದು ಮೂರು. ಏಳುವ ಮುನ್ನವೇ ತೊಡೆ ನಡುಗುತ್ತದೆ…

ಜುಲೈ 22

ಮಗಳು ನೋಟ್‌ಬುಕ್ ತಿರುವಿದಳು.

"ಇಳೀತಾ ಇದೆಯಲ್ಲಪ್ಪಾ."

"ಪುಡಿ ನಿಲ್ಲಿಸಿದ್ದೇನೆ. ಅದರ ಪರೀಕ್ಷೆಗಾಗಿ."

"ಅಮ್ಮನ ವಿಷಯದಲ್ಲೂ ಪರೀಕ್ಷೇನಾ?"

ಫಿಸಿಯೋಥೆರಪಿಯವಳ ಎಣಿಕೆಯಲ್ಲಿ ಹನ್ನೊಂದಿದೆ ಎಂದೆ.

"ಅವರು ನಿಮ್ಮ ಸಮಾಧಾನಕ್ಕೆ ಹೇಳ್ತಾರೆ. ನೀವು ಸುಳ್ಳು ಬರೆಯೋರಲ್ಲ."

ಜೀವಮಾನವಿಡೀ ಗಳಿಸಿದ ಹೆಸರು. ಇಂದು ಇವಳನ್ನು ಕೇಂದ್ರಕ್ಕೆ ಕಳಿಸಲು ಉಪಯೋಗವಾಯಿತು.

ಜುಲೈ 30

ಕೇಂದ್ರದ ಇಬ್ಬರು ಬಂದು ಇವಳನ್ನು ಎತ್ತಿಕೊಂಡು ಹೋದರು. ಹೊಸ್ತಿಲು ದಾಟುವಾಗ ಇವಳೆಂದಳು: "ಹೊತ್ತಿಗೆ ಸರಿಯಾಗಿ ಊಟ ಮಾಡ್ರೀ. ಗಡಿಯಾರ ನೋಡ್ತಾ ಕೂರ್ಬೇಡಿ."

ಆಗಸ್ಟ್ 17

ಹದಿಮೂರು. ಜುಲೈ 4ರಿಂದ ಡಬ್ಬಿ ಮುಟ್ಟಿಯೇ ಇಲ್ಲ. ಒಂದನ್ನೂ ಹೊಡೆದುಹಾಕಬೇಕಾಗಲಿಲ್ಲ. ಅಂದರೆ ಜುಲೈಯಲ್ಲಿ ನನ್ನನ್ನು ಇಳಿಸಿದ್ದು ಪುಡಿಯ ಅಭಾವವಲ್ಲ, ಅದಿಲ್ಲವೆಂಬ ಅಳುಕು. ಫಲಿತಾಂಶ ಸ್ಪಷ್ಟ. ಯಾರಿಗೆ ಒಪ್ಪಿಸಲಿ?

ಆಗಸ್ಟ್ 18, ಸಂಜೆ 5

ಕೇಂದ್ರಕ್ಕೆ ಹೋಗಿದ್ದೆ. ಇವಳನ್ನು ನಾನೇ ಕುರ್ಚಿಗೆ ಕೂರಿಸುತ್ತೇನೆಂದೆ.

"ಇಲ್ಲಿ ಮನೆಯೋರು ಎತ್ತೋ ಹಾಗಿಲ್ಲ ತಾತ. ರೂಲ್ಸು" ಎಂದಳು ನರ್ಸ್, ಬಾಗಿಲಲ್ಲಿ ನಿಂತೇ.

ನಿಯಮ ನಿಯಮವೇ. ಇವಳ ದಿಂಬು ಸರಿಪಡಿಸಲು ಬಾಗಿದೆ.

ಇವಳಿಗದು ಕೇಳಿಸಿರಲಿಲ್ಲ. ಆಗಲೇ ಬಲಗೈಯನ್ನು ನನ್ನ ಕೊರಳಿಗೆ ಸುತ್ತಿ, "ಹೂಂ, ಎತ್ತಿ ರೀ" ಎಂದಳು. ನಾನು ಆ ಕೈಯನ್ನು ಮೆಲ್ಲಗೆ ಬಿಡಿಸಿ ಮತ್ತೆ ಹಾಸಿಗೆಯ ಮೇಲಿಟ್ಟೆ.