ಅಮ್ಮನ ಹಲ್ಲುನೋವು

ಜೂನ್ ೪, ಬುಧವಾರ

ಪ್ರೀತಿಯ ಚಿನ್ನಿ,

ಕರ್ತನ ಸಮಾಧಾನ ನಿನ್ನ ಮನೆಯಲ್ಲಿ ತುಂಬಿರಲಿ. ನಾನು ಚೆನ್ನಾಗಿದ್ದೇನೆ, ಬಲಗೈಯೊಂದನ್ನು ಬಿಟ್ಟು. ಅದು ನಡುಗುತ್ತದೆ, ಅದಕ್ಕೇ ಅಕ್ಷರವೆಲ್ಲ ಕಾಗೆ ಕಾಲು ಗುಬ್ಬಿ ಕಾಲು.

ಅಮ್ಮ ತೀರಿಕೊಂಡ ಮೇಲೆ ನೀನು ಬರೆದ ಕಾಗದ ಬಂದು ನಾಲ್ಕು ತಿಂಗಳಾಯಿತು. “ಅಮ್ಮ ಕೊನೆಗಾದರೂ ನನ್ನನ್ನು ಕ್ಷಮಿಸಿದಳಾ ಅಪ್ಪಾ?” ಎಂದು ಒಂದೇ ಮಾತು ಕೇಳಿದ್ದೆ. ಉತ್ತರಿಸಲು ಧೈರ್ಯ ಸಾಲದೆ ಅದನ್ನು ದಿನವೂ ಬಿಚ್ಚಿ, ಓದಿ, ಮಡಚಿಡುತ್ತಿದ್ದೆ. ತಡವಾದದ್ದಕ್ಕೆ ಬೈದುಕೊ, ಬೇಜಾರಿಲ್ಲ.

ಇಲ್ಲಿನ ಸುದ್ದಿಯೆಂದರೆ, ನಾನು ಹರೆಯದಲ್ಲಿ ಕಟ್ಟಿದ ಚರ್ಚಿನ ಹಿಂಬದಿ ಗೋಡೆ ವಾಲಿದೆ. ಹೊಸ ಮೇಸ್ತ್ರಿ ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟು, “ಎರಡು ಬೆರಳು ಓರೆ ಇದೆ ತಾತ” ಎಂದ. “ನಲವತ್ತು ವರ್ಷ ಊರಿಗೆಲ್ಲ ಓರೆ ತೋರಿಸಿದವನು ನಾನು, ನಂಗೇ ಹೇಳ್ತೀಯೇನಯ್ಯಾ?” ಎಂದು ರೇಗಿದೆ. ಅವನು ನಕ್ಕು, ದಾರ ಸುತ್ತಿ ಜೇಬಿಗಿಟ್ಟು, ಗೋಡೆಗೆ ಆಸರೆಯ ಕಂಬ ನಿಲ್ಲಿಸತೊಡಗಿದ.

ಅಲ್ಲೇ ಕುಳಿತವನಿಗೆ ನಿನ್ನ ನೆನಪಾಯಿತು. ದೇವರ ಆಜ್ಞೆಯೂ ತೂಗುಗುಂಡೇ. ಎಲ್ಲಿ ಓರೆ ಎಂದು ತೋರಿಸುತ್ತದೆ, ನೆಟ್ಟಗೆ ಮಾಡುವುದು ಕ್ರಿಸ್ತನ ಕೈ. ಭಾನುವಾರದ ಶಾಲೆಯ ಮಕ್ಕಳಿಗೆ ಈ ಪಾಠ ಹೇಳಿದವನೂ ನಾನೇ. ಆದರೆ ವಿಚ್ಛೇದನವಾದವನನ್ನು ನೀನು ಮದುವೆಯಾಗಿ ಬಂದ ಆ ಭಾನುವಾರ, ಸಭೆಯ ಹಿರಿಯನಾಗಿ ಕರ್ತನ ಭೋಜನದ ರೊಟ್ಟಿಯ ತಟ್ಟೆಯನ್ನು ಸಾಲಾಗಿ ಎಲ್ಲರಿಗೂ ಹಿಡಿಯುತ್ತಿದ್ದ ನಾನು, ನಿನ್ನನ್ನು ದಾಟಿ ಪಕ್ಕದವರಿಗೆ ಚಾಚಿದೆ. ನಿನ್ನ ಕೈ ಇನ್ನೂ ಮುಂದಿತ್ತು. ಯಾವ ಮೇಸ್ತ್ರಿಯೂ ಓರೆ ಗೋಡೆಗೆ ತೂಗುಗುಂಡಿನಿಂದಲೇ ಹೊಡೆಯುವುದಿಲ್ಲ ಮಗಳೇ. ನಾನು ಹೊಡೆದೆ, ನೀತಿವಂತನೆಂದು ಬೀಗುತ್ತಾ ಮನೆಗೆ ಬಂದೆ.

ಹೋದ ಭಾನುವಾರ ಅದೇ ಕೈ ನಡುಗಿ ತಟ್ಟೆ ಬಿತ್ತು. ರೊಟ್ಟಿಯೆಲ್ಲ ನೆಲದ ಪಾಲಾಯಿತು. “ನಾನು ಇದಕ್ಕೆ ಯೋಗ್ಯನಲ್ಲ” ಎಂದೆ. “ಯೋಗ್ಯರಿಗೆ ಮಾತ್ರ ಅಂದಿದ್ರೆ ನಾನೂ ಇಲ್ಲಿ ನಿಂತಿರ್ತಿರಲಿಲ್ಲ, ಕೂತ್ಕೊಳ್ಳಿ” ಎಂದು ಪಾಸ್ಟರ್ ತಮ್ಮ ಪಾಲಿನ ಚೂರನ್ನೇ ಮುರಿದು ನನ್ನ ಬಾಯಿಗಿಟ್ಟರು. ಎಲ್ಲರೆದುರು ಅತ್ತುಬಿಟ್ಟೆ. ಆಮೇಲೆ ನಿನ್ನ ವಿಷಯ ಹೇಳಿದೆ. “ಕರೆಸಿ. ಈ ಮೇಜು ಕರ್ತನದು, ನಮ್ಮದಲ್ವಲ್ಲ” ಎಂದರು.

ಹಿರಿಯನ ಸ್ಥಾನ ಬಿಟ್ಟಿದ್ದೇನೆ. ಮುಂದಿನ ತಿಂಗಳ ಮೊದಲ ಭಾನುವಾರ ಅಳಿಯಂದಿರನ್ನೂ ಕರೆದುಕೊಂಡು ಬಾ. ಹೌದು, ಅಳಿಯಂದಿರು ಎಂದೇ ಬರೆದಿದ್ದೇನೆ, ಕೈ ತಪ್ಪಿ ಬಂದ ಅಕ್ಷರವಲ್ಲ. ಅಂದು ತಟ್ಟೆ ಬಂದಾಗ ನೀನು ನನ್ನ ಪಕ್ಕದಲ್ಲಿರಬೇಕು.

ದೇವರು ನಿಮ್ಮಿಬ್ಬರನ್ನೂ ತನ್ನ ಅಂಗೈಯಲ್ಲಿಟ್ಟು ಕಾಯಲಿ.

ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಮುಂದೂಡಿದ್ದು. ಮನೆಯಲ್ಲಿ ನಿನ್ನ ಹೆಸರೆತ್ತಬಾರದೆಂದು ನಾನು ಕಟ್ಟಪ್ಪಣೆ ಮಾಡಿದ್ದೆ. ಅಮ್ಮ ಎತ್ತಲಿಲ್ಲ. ಆದರೆ ಆ ಭಾನುವಾರದಿಂದ ಹನ್ನೊಂದು ವರ್ಷ, ತಿಂಗಳು ತಿಂಗಳೂ, ನಾನು ಒಯ್ದ ತಟ್ಟೆಯನ್ನು ಮುಟ್ಟದೆ ಪಕ್ಕಕ್ಕೆ ದಾಟಿಸಿದಳು. ಕೇಳಿದವರಿಗೆಲ್ಲ ಹಲ್ಲುನೋವು ಎಂದು ನಾನೇ ಸುಳ್ಳು ಹೇಳಿದೆ. ಒಮ್ಮೆ ಮಾತ್ರ, ಯಾಕೆ ಹೀಗೆ ಎಂದು ಅವಳನ್ನೇ ಕೇಳಿದೆ. “ನನ್ನ ಮಗಳು ತಗೊಂಡ ದಿನ ತಗೋತೀನಿ. ಅಲ್ಲೀವರೆಗೆ ನಂಗೆ ಹಸಿವಿಲ್ಲ ಬಿಡಿ” ಎಂದಳು. ಹಾಗೇ ಹೋದಳು. ನಿನ್ನಲ್ಲಿ ಅವಳು ಕ್ಷಮಿಸಬೇಕಾದದ್ದು ಏನೂ ಇರಲಿಲ್ಲ ಚಿನ್ನಿ. ನನ್ನನ್ನು ಕ್ಷಮಿಸಿದಳೋ ಇಲ್ಲವೋ, ಅದನ್ನು ನಾನು ಕೇಳಲೇ ಇಲ್ಲ.