ಮುಡಿ ಕೊಟ್ಟ ಮೇಲಿನ ಅಳತೆ

ಚಾಮರಾಜನಗರ
17-7-2025

ಪ್ರೀತಿಯ ಸುಂದ್ರಕ್ಕ,

ನಿನ್ನ ಮಗಳು ನಿನ್ನೆ ಕ್ಷೇಮವಾಗಿ ಬಂದು ತಲುಪಿದಳು. ಊಟ ತಿಂಡಿ ಚೆನ್ನಾಗಿ ಮಾಡುತ್ತಿದ್ದಾಳೆ. ಫೋನಿರುವಾಗ ಕಾಗದ ಯಾಕೆ ಎಂದು ನಗಬೇಡ. ಫೋನ್ ಮಾಡಿದರೆ ನೀನು ಸ್ಪೀಕರ್ ಹಾಕುತ್ತೀಯ, ಪಕ್ಕದಲ್ಲೇ ಅವ್ವ ಕೂತಿರುತ್ತಾಳೆ. ಅವಳ ಕಿವಿಗೆ ಬೀಳಬಾರದ ಮಾತು ಇದರಲ್ಲಿದೆ. ಇಲ್ಲಿಯ ಆಫೀಸಿನಲ್ಲಿ ಕೆಲಸ ಮಾಡುವ ನಿಮ್ಮೂರಿನ ಮಹದೇವಪ್ಪನವರು ದಿನಾ ಸಂಜೆ ಭೀಮನಬೀಡಿಗೆ ಹೋಗುತ್ತಾರಲ್ಲ, ಅವರ ಕೈಯಲ್ಲಿ ಕೊಡುತ್ತೇನೆ.

ಮುಂದಿನ ತಿಂಗಳ ಹಾಕಿ ಟೀಮಿನ ಸೆಲೆಕ್ಷನ್ನಿನಲ್ಲಿ ಪ್ರಿಯಾಂಕ ಗೋಲಿಗೆ ನಿಲ್ಲಬೇಕು, ಹಳೆಯದಕ್ಕಿಂತ ದಪ್ಪನೆಯ ಹೆಲ್ಮೆಟ್ ಮಾಡಿಕೊಡು, ಈ ಸಲವಾದರೂ ಅಳತೆ ಸರಿಯಾಗಿ ತೆಗೆ ಎಂದು ಅವಳನ್ನೇ ಬಸ್ ಹತ್ತಿಸಿ ಕಳಿಸಿದ್ದೀಯ. ಅಕ್ಕ, ಅಂಥದ್ದೊಂದನ್ನು ಮಾಡಲು ನನ್ನಿಂದ ಆಗುವುದಿಲ್ಲ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಹುಡುಗರಿಗೆ ಪಾಠ ಹೇಳುವ ನನಗೆ ಇದನ್ನು ಬರೆಯಲು ಎಷ್ಟು ಅವಮಾನವಾಗುತ್ತಿದೆ ಗೊತ್ತಾ?

ಭಾವನ ಬೈಕ್ ಹೆಲ್ಮೆಟ್ ಹಾಕಿಕೊಂಡು ಇವಳು ಗೋಲಿನಲ್ಲಿ ನಿಂತಿದ್ದನ್ನು ನೋಡಿಯಲ್ಲವೇ ನಾನು ಈ ಕೆಲಸಕ್ಕೆ ಕೈ ಹಾಕಿದ್ದು. ಅಂಗಡಿಯ ಹಾಕಿ ಹೆಲ್ಮೆಟ್ಟುಗಳು ನಮ್ಮ ಹುಡುಗಿಯರ ತಲೆಗೆ ಕೂರುತ್ತಲೇ ಇರಲಿಲ್ಲ. ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ, ಮೇಲಕ್ಕೆ ಮಡಚಿ ಟೇಪು ಕಟ್ಟಿದ ತಲೆ ಅವರಿಗೇನು ಗೊತ್ತು? ನಾನು ಗುಂಡ್ಲುಪೇಟೆಗೆ, ಇವಳ ಶಾಲೆಗೇ ಬಂದು ಜಡೆಯ ಸಮೇತ ಅಳತೆ ತೆಗೆದೆ. ಕಾಲೇಜಿನ ಹಿಂದೆ ಟೈಲರಿಂಗ್ ಅಂಗಡಿ ಇಟ್ಟಿರುವ ಹಮೀದಾ ಒಳಗಿನ ಮೆತ್ತೆಗಳನ್ನು ಹೊಲಿದುಕೊಟ್ಟಳು. ಹಾಕಿಕೊಂಡು ಕುಣಿದರೂ ಅಲ್ಲಾಡದ ಹಾಗೆ ಕೂತಿತು. ನನಗೆ ಎಷ್ಟು ಜಂಬ ಬಂದಿತ್ತೆಂದರೆ ಕಂಡವರಿಗೆಲ್ಲ ಫೋಟೋ ತೋರಿಸುತ್ತಿದ್ದೆ.

ಆಮೇಲೆ ಬೇಸಿಗೆ ರಜೆ ಬಂತು. ನಮ್ಮ ಅವ್ವ ಹರಕೆ ಹೊತ್ತಿದ್ದಳು. ಏನೆಂದು ಹೊತ್ತಿದ್ದಳೋ ನಿನಗೆ ನೆನಪಿದೆಯಲ್ಲ: “ಮಗಿನ ತಲೆಗೆ ಆ ಚೆಂಡು ಬಡೀದಂಗೆ ನೋಡ್ಕಳಪ್ಪ ಮಾದಪ್ಪ, ಮುಡಿ ಕೊಡುಸ್ತೀನಿ.” ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬಂದಿರಿ. ಬೋಳು ತಲೆಯ ಮೇಲೆ ಅದೇ ಹೆಲ್ಮೆಟ್ ಹಾಕಿಕೊಂಡು ಇವಳು ಆಟಕ್ಕಿಳಿದಳು. ಜಡೆಗೆಂದು ನಾನು ಬಿಟ್ಟಿದ್ದ ಜಾಗವೆಲ್ಲ ಖಾಲಿ. ಚೆಂಡು ಪಕ್ಕಕ್ಕೆ ಬಡಿದಾಗ ಹೆಲ್ಮೆಟ್ ತಿರುಗಿಬಿಟ್ಟಿತು, ಅದರ ಜೊತೆಗೆ ಕತ್ತೂ ತಿರುಗಿತು. ಅವ್ವನಿಗೆ ಹೇಳಬೇಡ ಎಂದಿದ್ದು ಇದನ್ನೇ. ಕೇಳಿದರೆ ಅವಳು ಅನ್ನ ಬಿಡುತ್ತಾಳೆ.

ಆ ದಿನ ನೀನು ಅಳುತ್ತಾ ಫೋನ್ ಮಾಡಿ, “ನಿನ್ ಎಲ್ಮೆಟ್ಟು ನನ್ ಮಗಿನ ತಲೆ ಕಾಯ್ನಿಲ್ಲ ಕಣಮ್ಮಿ” ಅಂದೆ. ಅವ್ವ ಪ್ರೀತಿಯಿಂದ ಹರಕೆ ಹೊತ್ತಳು, ನಾನೂ ಪ್ರೀತಿಯಿಂದಲೇ ಜಡೆಗೆ ಜಾಗ ಬಿಟ್ಟೆ. ಬೈಯೋಣವೆಂದರೆ ಯಾರೂ ಸಿಗುತ್ತಿಲ್ಲ, ಅದೇ ನನಗೆ ಕೋಪ.

ಈಗ ಹೊಸದನ್ನು ಬಿಗಿಯಾಗಿ ಮಾಡುವುದು ಕಷ್ಟವಲ್ಲ. ಆದರೆ ಹೆಲ್ಮೆಟ್ ಕಾಯುವುದು ಬುರುಡೆಯನ್ನು. ಒಳಗಿನ ಮಿದುಳು ಗಿಟುಕು ಕೊಬ್ಬರಿಯ ಹಾಗೆ, ಚಿಪ್ಪು ಒಡೆಯದಿದ್ದರೂ ಒಳಗೆ ಅಲ್ಲಾಡುತ್ತದೆ. ದಪ್ಪ ಮಾಡಿದರೆ ಭಾರವಾಗಿ ಕತ್ತು ಇನ್ನೂ ಜೋರಾಗಿ ತಿರುಗುತ್ತದೆ. ಲ್ಯಾಬಿನಲ್ಲಿ ಬೀಳಿಸಿ ಬೀಳಿಸಿ ನೋಡಿದೆ. ಒಂದು ಸಲ ಪೆಟ್ಟು ಬಿದ್ದ ತಲೆಗೆ, ಅದು ಮಾಗುವ ಮೊದಲೇ ಇನ್ನೊಂದು ಬಿದ್ದರೆ ತಡೆಯುವಂಥದ್ದನ್ನು ಯಾರೂ ಮಾಡಿಲ್ಲ, ನಾನೂ ಮಾಡಲಾರೆ. ಇದನ್ನು ಹೇಳಿದಾಗಿನಿಂದ ಪ್ರಿಯಾಂಕ ನನ್ನ ಮೇಲೆ ಮುನಿಸಿಕೊಂಡಿದ್ದಾಳೆ. ಮುನಿಸಿಕೊಳ್ಳಲಿ. ಈ ವರ್ಷ ಅವಳನ್ನು ಆಟಕ್ಕೆ ಕಳಿಸಬೇಡ. ಅವಳು ಅತ್ತು ಕರೆದರೂ ಕಳಿಸಬೇಡ. ಮಿಕ್ಕಂತೆ ಅವಳು ಆರಾಮಾಗಿದ್ದಾಳೆ, ಯೋಚನೆ ಮಾಡಬೇಡ.

ಕೈಲಾಗದ ನಿನ್ನ ತಂಗಿ,
ಶಿವರಂಜಿನಿ

ತಾ. ಕ.: ಇದೊಂದನ್ನು ಮಾತ್ರ ಬಸ್‌ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ, ಮಹದೇವಪ್ಪನವರು ಟೀ ಕುಡಿಯಲು ಹೋಗಿದ್ದಾರೆ. ಮೇಲೆ ಬರೆದಿರುವುದೆಲ್ಲ ಪ್ರಿಯಾಂಕ ಕೇಳಿ, ತನ್ನ ಗುಟ್ಟು ಇದರಲ್ಲಿಲ್ಲವೆಂದು ಮುನಿಸಿನಲ್ಲೇ ಒಪ್ಪಿದ್ದು. ನಾನು ಓದಿ ಹೇಳಿದೆ, ಏಕೆಂದರೆ ಅವಳಿಗೆ ಓದಲು ಆಗುತ್ತಿಲ್ಲ, ಅಕ್ಷರಗಳು ಹರಿದಾಡುತ್ತವಂತೆ. ನಿನಗೆ ಗೊತ್ತಾದರೆ ಆಟ ಬಿಡಿಸುತ್ತೀಯ ಎಂದು ಇಷ್ಟು ದಿನ ಬಚ್ಚಿಟ್ಟಿದ್ದಾಳೆ. ಅಕ್ಕ, ನಿನ್ನೆ ಅವಳು ಕ್ಷೇಮವಾಗಿ ತಲುಪಲಿಲ್ಲ. ಬಸ್ಸಿಳಿದು ಇಲ್ಲೇ ಎಲ್ಲೋ ಕೂತಿದ್ದಳಂತೆ. ಹಮೀದಾ ಕಂಡು ಮಾತಾಡಿಸಿದರೆ, “ಚಿಕ್ಕಮ್ಮನ ಮನೆ ಯಾವ್ ಕಡೆ ಅಂತ ಗೊತ್ತಾಯ್ತಿಲ್ಲ ಆಂಟಿ” ಅಂದಳಂತೆ. ಪುಟ್ಟ ಮಗುವಾಗಿದ್ದಾಗಿನಿಂದ ನನಗಿಂತ ಮುಂದೆ ಓಡಿ ಬಾಗಿಲು ಬಡಿಯುತ್ತಿದ್ದ ಹುಡುಗಿ. ನಾಳೆ ಮೈಸೂರಿಗೆ, ತಲೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಬೆಳಗಿನ ಮೊದಲ ಬಸ್ಸಿಗೆ ಬಂದುಬಿಡು. ಎಲ್ಲಿಗೆ ಎಂದು ಅವ್ವ ಕೇಳಿದರೆ, ಹೊಸ ಹೆಲ್ಮೆಟ್ ತರಲು ಎಂದು ಹೇಳು.